ಅಸ್ತಮಾ ಮತ್ತು ಫಾರ್ಮಸಿಸ್ಟ್: ಪಂಪಿಗೆ ನಿಧಾನ, ಪುಡಿಗೆ ಜೋರು

ಅಸ್ತಮಾಗೆ ಇನ್‌ಹೇಲರಿನಿಂದ ಎಳೆಯುವ ಔಷಧಿಗಳಲ್ಲಿ ಎರಡು ಬಗೆ, ಇದು ಎಲ್ಲರಿಗೂ ಗೊತ್ತು. ಸಾಲ್ಬುಟಮಾಲ್ ಆ ಕ್ಷಣಕ್ಕೆ ಉಸಿರಾಟ ಸಲೀಸು ಮಾಡುತ್ತದೆ. ಬುಡೆಸೊನೈಡ್‌ನಂಥ ಸ್ಟೀರಾಯ್ಡ್ ಒಳಗಿನ ಊತ ಇಳಿಸುತ್ತದೆ. ಅದನ್ನು ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ಬಾಯಲ್ಲಿ ಫಂಗಸ್ ಬರಬಹುದು.

ಇನ್‌ಹೇಲರಿನಲ್ಲೂ ಒತ್ತಿದರೆ ಔಷಧಿ ಚಿಮ್ಮುವ ಪಂಪ್ ಒಂದು, ಪುಡಿ ಎಳೆಯುವುದು ಇನ್ನೊಂದು. ತಲೆ ಕೆಡಿಸುವುದು ಉಸಿರು ಎಳೆಯುವ ವೇಗ. ಪಂಪಿಗೆ ನಿಧಾನ, ಪುಡಿಗೆ ಜೋರು. ಸುಮ್ನೆ ಬಾಯಿಪಾಠ ಮಾಡಿದರೆ ಪರೀಕ್ಷೆಯಲ್ಲಿ ಅದಲುಬದಲಾಗುತ್ತದೆ. ಹಾಗಾಗಿ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಔಷಧಿಯನ್ನು ತಳ್ಳುವುದು ಯಾರು?

ಪಂಪಿನಲ್ಲಿ ಒಳಗಿನ ಗ್ಯಾಸೇ ತಳ್ಳುತ್ತದೆ. ಔಷಧಿ ಮೊದಲೇ ರಭಸದಿಂದ ಬರುತ್ತದೆ. ನಾವೂ ಜೋರಾಗಿ ಎಳೆದರೆ ಅದು ಗಂಟಲಿಗೇ ಬಡಿದು ಅಲ್ಲೇ ಉಳಿಯುತ್ತದೆ. ಆದ್ದರಿಂದ ಅಲ್ಲಾಡಿಸಿ, ಉಸಿರು ಹೊರಬಿಟ್ಟು, ಎಳೆಯಲು ಶುರು ಮಾಡುತ್ತಲೇ ಒತ್ತಿ, 4–5 ಸೆಕೆಂಡ್ ನಿಧಾನವಾಗಿ ಎಳೆಯಬೇಕು. ಆಮೇಲೆ 10 ಸೆಕೆಂಡ್ ಉಸಿರು ಹಿಡಿಯಬೇಕು. ಒತ್ತುವುದು, ಎಳೆಯುವುದು ಹೊಂದದವರಿಗೆ ಸ್ಪೇಸರ್ (ಪಂಪಿಗೆ ಜೋಡಿಸುವ ಟೊಳ್ಳು ಕೊಳವೆ) ಕೊಡಿಸಿದರೆ ಕೆಲಸ ಎಷ್ಟೋ ಸುಲಭ.

ಪುಡಿಯ ಇನ್‌ಹೇಲರಿನಲ್ಲಿ ಗ್ಯಾಸ್ ಇಲ್ಲ. ತಳ್ಳುವುದು ರೋಗಿಯ ಉಸಿರೇ. ಪುಡಿಯ ಗಂಟು ಒಡೆದು ಸಣ್ಣ ಕಣಗಳಾಗಲೂ ಅದೇ ಬಲ ಬೇಕು. ಅದಕ್ಕೇ ಮೊದಲಿನಿಂದಲೇ ಜೋರಾಗಿ, ಆಳವಾಗಿ ಎಳೆಯಬೇಕು. ಉಸಿರು ಹಿಡಿಯುವುದು ಇಲ್ಲೂ ಇದೆ. ಆದರೆ ಇದರೊಳಕ್ಕೆ ಊದಲೇಬಾರದು, ತೇವಕ್ಕೆ ಪುಡಿ ಅಂಟಿಕೊಳ್ಳುತ್ತದೆ. ಕೆಲವು ಇನ್‌ಹೇಲರಿಗೆ ಪುಡಿಯನ್ನು ಕ್ಯಾಪ್ಸೂಲಿನಲ್ಲಿ ತುಂಬಿ ಹಾಕುತ್ತಾರೆ, ಅದರಲ್ಲಿ ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಯಲು ಹೇಳಿ. ಈ ಕ್ಯಾಪ್ಸೂಲ್ ನುಂಗುವುದಕ್ಕಲ್ಲ ಅನ್ನುವುದನ್ನೂ ಬಾಯಿಬಿಟ್ಟು ಹೇಳಲೇಬೇಕು. ನೋಡಿದರೆ ಮಾತ್ರೆಯಂತೆಯೇ ಇರುತ್ತದೆ, ಅಲ್ವಾ?

ಹೇಳಿದರಷ್ಟೇ ಸಾಲದು. ರೋಗಿಯಿಂದ ಮಾಡಿಸಿ ನೋಡಬೇಕು, ಮುಂದಿನ ಸಲ ಬಂದಾಗ ಮತ್ತೆ ನೋಡಬೇಕು. ಫಾರ್ಮಸಿಸ್ಟ್ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

ಇನ್ನೊಂದು, ಲೆಕ್ಕ ಇಡುವುದು. 200 ಡೋಸಿನ ಸಾಲ್ಬುಟಮಾಲ್ ಪಂಪ್ ವರ್ಷಕ್ಕೆ 3 ಅಥವಾ ಅದಕ್ಕಿಂತ ಜಾಸ್ತಿ ಖರ್ಚಾದರೆ ಉಬ್ಬಸ ಉಲ್ಬಣಿಸುವ ಅಪಾಯ ಹೆಚ್ಚು. ತಿಂಗಳಿಗೊಂದು ಬೇಕಾಗುತ್ತಿದ್ದರೆ ಜೀವಕ್ಕೇ ಅಪಾಯ. ಬರೀ ಸಾಲ್ಬುಟಮಾಲ್ ಮೇಲೆ ದೊಡ್ಡವರನ್ನು ಬಿಡಬಾರದೆಂದು ಅಸ್ತಮಾ ಚಿಕಿತ್ಸೆಯ ಅಂತರರಾಷ್ಟ್ರೀಯ ಜಿನಾ (GINA) ಮಾರ್ಗಸೂಚಿ 2019ರಲ್ಲೇ ಹೇಳಿದೆ. ಅಂಥವರನ್ನು ಡಾಕ್ಟರ ಬಳಿ ಕಳಿಸಬೇಕು.

ಬೇರೆ ಔಷಧಿಗಳನ್ನೂ ವಿಚಾರಿಸಿ. ಬಿಪಿ, ಹೃದಯದ ತೊಂದರೆಗೆ ಕೊಡುವ ಪ್ರೊಪ್ರನೊಲಾಲ್ ಉಬ್ಬಸ ಕೆರಳಿಸುತ್ತದೆ. ಆಸ್ಪಿರಿನ್, ಐಬುಪ್ರೊಫೆನ್ ಕೆಲವರಿಗೆ ಆಗುವುದಿಲ್ಲ. ಗ್ಲಾಕೋಮಾಗೆ ಹಾಕುವ ಟಿಮೊಲಾಲ್ ಕಣ್ಣಿನ ಹನಿಯೂ ಅಪಾಯವೇ. ಹನಿಯನ್ನು ಔಷಧಿ ಎಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದ್ದರಿಂದ ಅದನ್ನು ಬೇರೆಯಾಗಿಯೇ ಕೇಳಿ.