ಥೀವರಿ ಕಾರ್ಪೊರೇಷನ್ ಹಾಡಿನಲ್ಲಿ ಸಿತಾರ್ ಬಂದ ದಾರಿ

ಅಮೆರಿಕದ ಎಲೆಕ್ಟ್ರಾನಿಕ್ ಸಂಗೀತದ ಜೋಡಿ ಥೀವರಿ ಕಾರ್ಪೊರೇಷನ್‌ನ ಹಾಡುಗಳಲ್ಲಿ ಸಿತಾರ್ ಕೇಳಿಸಿದರೆ ನಮ್ಮವರಲ್ಲಿ ಒಂದು ಪ್ರಶ್ನೆ ಏಳುತ್ತದೆ. ಇದು ನಮ್ಮ ಸಂಗೀತದ ಮೇಲಿನ ಪ್ರೀತಿಯೋ, ಸುಮ್ನೆ ಅಲಂಕಾರವೋ? ಯಾವ ವರ್ಷದ ಹಾಡು ಎಂದು ನೋಡದೆ ಇದಕ್ಕೆ ಉತ್ತರ ಹೇಳುವುದು ಕಷ್ಟ.

ಈ ಜೋಡಿಯ ರಾಬ್ ಗಾರ್ಜಾ, ಎರಿಕ್ ಹಿಲ್ಟನ್ ಜೊತೆಯಾಗಿದ್ದು 1995ರಲ್ಲಿ, ವಾಷಿಂಗ್ಟನ್ ಡಿ.ಸಿ.ಯ ಏಯ್ಟೀನ್ತ್ ಸ್ಟ್ರೀಟ್ ಲೌಂಜ್ ಎಂಬ ಕ್ಲಬ್‌ನಲ್ಲಿ. ಹಿಲ್ಟನ್ ಆಗ ಅದರ ಮಾಲೀಕರಲ್ಲೊಬ್ಬರಾಗಿದ್ದರು. ಬ್ರೆಜಿಲ್‌ನ ಮೆಲುದನಿಯ ಬೊಸ್ಸಾ ನೋವಾ, ರೆಗ್ಗೆಯಿಂದ ಹುಟ್ಟಿದ ಜಮೈಕಾದ ಡಬ್ ಇಬ್ಬರಿಗೂ ಇಷ್ಟ. ಲೌಂಜ್ ಹೆಸರಲ್ಲೇ ಇಎಸ್‌ಎಲ್ ಎಂಬ ರೆಕಾರ್ಡ್ ಕಂಪನಿ ಶುರು ಮಾಡಿದರು. ನಿಧಾನದ ಬೀಟ್, ದಪ್ಪ ಬೇಸ್, ಮೇಲೆ ದೇಶದೇಶಗಳ ದನಿಯ ತುಣುಕು: ಮೊದಲ ವರ್ಷಗಳ ರೀತಿ ಇದು.

2000ದ 'ದಿ ಮಿರರ್ ಕಾನ್ಸ್‌ಪಿರಸಿ' ಆಲ್ಬಮ್‌ನ 'ಲೆಬನೀಸ್ ಬ್ಲಾಂಡ್' ಹಾಡು 2004ರಲ್ಲಿ 'ಗಾರ್ಡನ್ ಸ್ಟೇಟ್' ಸಿನಿಮಾದಲ್ಲಿ ಬಂದು ಇನ್ನೂ ಹೆಚ್ಚು ಜನರನ್ನು ತಲುಪಿತು. ಅದರಲ್ಲಿ ಸಿತಾರ್ ಇದೆ, ಕೇಳಲು ಚೆನ್ನಾಗಿಯೂ ಇದೆ. ಆದರೆ ಪಾಮ್ ಬ್ರಿಕರ್ ಹಾಡುಗಾರಿಕೆಯ ಹಿಂದೆ ಬಣ್ಣವಾಗಿ ಉಳಿಯುತ್ತದೆ, ಅಷ್ಟೇ. ಲೂಪ್, ಅಂದರೆ ಮತ್ತೆ ಮತ್ತೆ ಸುತ್ತುವ ತುಣುಕು, ಕಟ್ಟಿ ಮಾಡುವ ಸಂಗೀತದ ಮಿತಿಯೂ ಇಲ್ಲೇ ಇದೆ. ನಾಲ್ಕು ಬಾರ್‌ನ (ತಾಳದ ನಾಲ್ಕು ಸುತ್ತಿನ) ತುಣುಕು ಸುತ್ತುತ್ತಿದ್ದರೆ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವ ನಾದ, ಪ್ರತಿ ಸಲ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ರಾಗ ಬೆಳೆಯಬೇಕಾದರೆ ನುಡಿಸುವವರಿಗೆ ಬೀಟ್ ಜಾಗ ಬಿಡಬೇಕು, ಅಲ್ವಾ?

ಆ ಜಾಗ ನಿಧಾನಕ್ಕೆ ಸಿಕ್ಕಿತು. 2005ರ 'ದಿ ಕಾಸ್ಮಿಕ್ ಗೇಮ್' ಆಲ್ಬಮ್‌ನಲ್ಲಿ ಗಾಯಕಿ ಗುಂಜನ್ 'ಸತ್ಯಂ ಶಿವಂ ಸುಂದರಂ' ಹಾಡಿದರು. 2008ರ 'ರೇಡಿಯೋ ರಿಟ್ಯಾಲಿಯೇಷನ್' ಆಲ್ಬಮ್‌ಗೆ ಸಿತಾರ್ ವಾದಕಿ ಅನೌಷ್ಕಾ ಶಂಕರ್ ಬಂದರು. ಅವರು ನುಡಿಸಿದ 'ಮಂಡಲ'ದಲ್ಲಿ ಸಿತಾರೇ ಮುಂದೆ, ಬೀಟ್ ಅದರ ಹಿಂದೆ. ಅದೇ ಆಲ್ಬಮ್‌ನಲ್ಲಿ ನೈಜೀರಿಯಾದ ಫೆಮಿ ಕುಟಿ, ಬ್ರೆಜಿಲ್‌ನ ಸೆಯು ಜಾರ್ಜ್ ಕೂಡ ಇದ್ದಾರೆ. ದೂರದ ದನಿಯನ್ನು ಎರವಲು ತರುವ ಬದಲು ಆ ಸಂಗೀತದವರನ್ನೇ ಕರೆದು, ಹೆಸರು ಹಾಕಿ ಹಾಡು ಮಾಡಿದ್ದು ನನಗೆ ದೊಡ್ಡ ಬದಲಾವಣೆಯಾಗಿ ಕಾಣುತ್ತದೆ. ಹಾಡುಗಳ ತೂಕವೂ ಹೆಚ್ಚಿತು.

ಆಮೇಲೆ ಅದೇ ದಾರಿ. 2014ರ 'ಸೌದಾದೆ' ಪೂರ್ತಿ ಬೊಸ್ಸಾ ನೋವಾ, ವಾದ್ಯಗಳನ್ನು ನುಡಿಸಿಯೇ ಮಾಡಿದ್ದು. 2017ರ 'ದಿ ಟೆಂಪಲ್ ಆಫ್ ಐ ಆ್ಯಂಡ್ ಐ'ಗಾಗಿ ಜಮೈಕಾದ ಪೋರ್ಟ್ ಆಂಟೋನಿಯೋಗೇ ಹೋದರು.

ಇಷ್ಟೆಲ್ಲ ಆದ ಮೇಲೂ 'ಲೌಂಜ್ ಸಂಗೀತ', ಅಂದರೆ ಹಿನ್ನೆಲೆಗೆ ಹಾಕುವ ಹಗುರ ಸಂಗೀತ, ಎಂಬ ಹಣೆಪಟ್ಟಿ ಹೋಗಿಲ್ಲ. ಹಣೆಪಟ್ಟಿ ಅಂಟಿಸುವ ಮೊದಲು 'ಮಂಡಲ' ಒಂದನ್ನಾದರೂ ಪೂರ್ತಿ ಕೇಳಬೇಕು.