ಹರ್ನಿಯಾ ಹೊಟ್ಟೆಯಲ್ಲಿ, ಟಾರ್ಚು ಬಾಯಿಗೆ ಯಾಕೆ?

ದೊಡ್ಡಪ್ಪನಿಗೆ ಹರ್ನಿಯಾ ಆಪರೇಷನ್ ಇತ್ತು. ಹಿಂದಿನ ಸಂಜೆ ಅನಸ್ತೇಶಿಯಾ ಡಾಕ್ಟರು ಬಂದರು. ನೆಟ್ಟಗೆ ಕೂರಿಸಿ, "ಬಾಯಿ ಅಗಲಿಸಿ, ನಾಲಗೆ ಪೂರ್ತಿ ಹೊರಗೆ ಚಾಚಿ. 'ಆ' ಅನ್ನಬೇಡಿ" ಎಂದರು. ಅವರು ಹೋದ ಮೇಲೆ ದೊಡ್ಡಪ್ಪ ರೇಗಿದರು: "ಇವರಿಗೆ ಹೊಟ್ಟೆ ಎಲ್ಲಿದೆ ಅಂತ ಗೊತ್ತಿಲ್ವಾ?"

ಇ.ಸಿ.ಜಿ., ಸಕ್ಕರೆ, ಬಿ.ಪಿ. ನೋಡಿದರೆ ಯಾರೂ ಕೇಳುವುದಿಲ್ಲ. ನಾಲಗೆ ನೋಡಿದರೆ ಮಾತ್ರ ಅನುಮಾನ! ನನಗೋ ಇಡೀ ತಪಾಸಣೆಯಲ್ಲಿ ಅದೇ ಬಲು ಇಷ್ಟ.

ಪೂರ್ತಿ ಅರಿವಳಿಕೆ ಕೊಟ್ಟು ಸ್ನಾಯು ಸಡಿಲಿಸುವ ಮದ್ದು ಹಾಕಿದರೆ ಉಸಿರಾಟವೇ ನಿಲ್ಲುತ್ತದೆ. ಕೆಲವೇ ನಿಮಿಷದಲ್ಲಿ ಶ್ವಾಸನಾಳಕ್ಕೆ ಕೊಳವೆ ಇಳಿಸಬೇಕು. ದಾರಿ ಇರುವುದು ನಾಲಗೆಯ ಬುಡದ ಹಿಂದೆ. ಬಾಯಿಗೆ ಹೋಲಿಸಿದರೆ ನಾಲಗೆ ದೊಡ್ಡದಾದರೆ ಆ ದಾರಿ ಕಾಣುವುದೇ ಇಲ್ಲ. ಚಿಕ್ಕ ಪಡಸಾಲೆಗೆ ದೊಡ್ಡ ಮಂಚ ತಂದು ಹಾಕಿದರೆ ಅಡುಗೆಮನೆ ಬಾಗಿಲು ಮರೆಯಾಗುತ್ತಲ್ಲ, ಹಾಗೆ. ಅಥವಾ ಬಸ್ಸಿನ ಬಾಗಿಲಿಗೇ ಯಾರೋ ಈರುಳ್ಳಿ ಮೂಟೆ ಇಟ್ಟ ಹಾಗೆ. ಬಸ್ಸೊಳಗೆ ಜಾಗ ಇರಬಹುದು, ಹತ್ತೋದು ಹೇಗೆ?

ಇದನ್ನು ಪರೀಕ್ಷೆಯಾಗಿ ರೂಪಿಸಿದವರು ಆಂಧ್ರದಲ್ಲಿ ಹುಟ್ಟಿ ಅಮೆರಿಕದ ಬಾಸ್ಟನ್‌ನಲ್ಲಿ ಕೆಲಸ ಮಾಡಿದ ಡಾ. ಶೇಷಗಿರಿ ರಾವ್ ಮಲ್ಲಂಪಾಟಿ. 1985ರಲ್ಲಿ 210 ರೋಗಿಗಳ ಬಾಯಿ ನೋಡಿ ಮೂರು ದರ್ಜೆ ಮಾಡಿದರು. ಕಿರುನಾಲಗೆ ಪೂರ್ತಿ ಕಂಡರೆ ಒಂದನೇ ದರ್ಜೆ, ಸಲೀಸು. ನಾಲ್ಕನೇ ದರ್ಜೆ 1987ರಲ್ಲಿ ಸೇರಿತು. ಅದರಲ್ಲಿ ಮೆತ್ತನೆಯ ಅಂಗುಳವೂ ಕಾಣದು. ಯಂತ್ರ ಬೇಡ, ಸೂಜಿ ಬೇಡ, ಸುಮ್ನೆ ನಾಲಗೆ ಚಾಚಿದರಾಯಿತು. "ಆ" ಅಂದರೆ ಅಂಗುಳ ಮೇಲೇರಿ, ಇಲ್ಲದ ಜಾಗ ಇದ್ದಂತೆ ಕಾಣುತ್ತದೆ. ಅದಕ್ಕೇ ಬೇಡ ಅಂದದ್ದು.

ಇದೊಂದನ್ನೇ ನಂಬಿದರೆ ಕೆಲವೊಮ್ಮೆ ಮೋಸ ಹೋಗಬೇಕಾಗುತ್ತದೆ. ಹಾಗಾಗಿ ಕತ್ತು ಹಿಂದಕ್ಕೆ ಬಾಗುತ್ತಾ, ಬಾಯೊಳಗೆ ಮೂರು ಬೆರಳು ಹಿಡಿಯುತ್ತಾ, ಹಲ್ಲು ಅಲ್ಲಾಡುತ್ತಾ, ಎಲ್ಲ ನೋಡುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೂ ದೊಡ್ಡಪ್ಪ, "ಬೆಳಿಗ್ಗೆ ಅರ್ಧ ಲೋಟ ಕಾಫಿ ಕುಡಿದರೆ ಏನಾಗುತ್ತೆ?" ಎಂದರು. ಬರೀ ನೀರಾದರೆ 2 ಗಂಟೆ ಮುಂಚಿನವರೆಗೂ ಸಾಮಾನ್ಯವಾಗಿ ಬಿಡುತ್ತಾರೆ. ಹಾಲು ಬೆರೆತರೆ 6 ಗಂಟೆ. ಹಾಲು ಹೊಟ್ಟೆಯಲ್ಲಿ ಒಡೆದು ಗಟ್ಟಿಯಾಗುತ್ತದೆ. ಮತ್ತಿನಲ್ಲಿ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಕುತ್ತು.

ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕರ್ಚೀಫು ತೆಗೆದು, ಡಾಕ್ಟರಿಗೂ ಹೇಳದೆ ಇಟ್ಟುಕೊಂಡಿದ್ದ ಎರಡು ಕಟ್ಟಿಸಿದ ಹಲ್ಲು ಬಿಚ್ಚಿ ನನ್ನ ಕೈಗಿಟ್ಟರು.