ಲಾರಿ ಮೇಲಿನ ಫಿರಂಗಿಗೆ ಯಾಕೆ ಇಷ್ಟು ಬೆಲೆ?

ಓದುಗರ ಪ್ರಶ್ನೆ: ಫ್ರಾನ್ಸ್ ಉಕ್ರೇನಿಗೆ ಕೊಟ್ಟ ಸೀಸರ್ ಅಂದರೆ ಲಾರಿ ಮೇಲೆ ಕೂರಿಸಿದ ಫಿರಂಗಿ ತಾನೆ? ಎಳೆದುಕೊಂಡು ಹೋಗುವ ಫಿರಂಗಿಯೂ ಅದೇ ಗುಂಡು ಹಾರಿಸುತ್ತದಲ್ಲ, ಮತ್ಯಾಕೆ ಇಷ್ಟು ಹೊಗಳಿಕೆ?

ಗುಂಡು ಅದೇ, ಒಪ್ಪಿದೆ. 155 ಮಿಲಿಮೀಟರಿನದು. ಹೊಗಳುತ್ತಿರುವುದು ಅದು ಗುಂಡು ಹಾರಿಸುವುದನ್ನಲ್ಲ, ಹಾರಿಸಿ ಓಡಿಹೋಗುವುದನ್ನು.

ಈಗ ಫಿರಂಗಿ ಒಂದು ಸಲ ಗುಡುಗಿತು ಅಂದರೆ ಅದು ಎಲ್ಲಿದೆ ಅಂತ ಎದುರಿನವರಿಗೆ ಗೊತ್ತಾಯಿತು ಅಂತಲೇ ಲೆಕ್ಕ. ಆ ಕಡೆಯ ರೇಡಾರ್ ಇನ್ನೂ ಗಾಳಿಯಲ್ಲಿರುವ ಗುಂಡನ್ನು ಹಿಡಿದು, ಬಂದ ದಾರಿಯನ್ನು ಹಿಂದಕ್ಕೆ ಲೆಕ್ಕ ಹಾಕಿ, ಹೊರಟ ಜಾಗವನ್ನು ತೋರಿಸಿಬಿಡುತ್ತದೆ. ಆಮೇಲೆ ಕೈಯಲ್ಲಿರುವುದು ಕೆಲವೇ ನಿಮಿಷ. ಎಳೆಯುವ ಫಿರಂಗಿಯಾದರೆ ನೆಲದಲ್ಲಿ ಊರಿದ ಅದರ ಕಾಲು ಕಿತ್ತು, ಮಡಚಿ, ಲಾರಿ ತಂದು, ಕೊಕ್ಕೆಗೆ ಸಿಕ್ಕಿಸಿ ಹೊರಡಬೇಕು. ಸೀಸರ್‌ಗೆ ಆ ರಗಳೆಯಿಲ್ಲ. ಬಂದು ನಿಂತು, ಹಿಂಬದಿಯ ಆಸರೆಯನ್ನು ನೆಲಕ್ಕೆ ಒತ್ತಿ, ನಿಮಿಷಕ್ಕೆ ಆರರಂತೆ ಗುಂಡು ಕಳಿಸಿ, ಆಸರೆ ಎತ್ತಿಕೊಂಡು ಹೊರಟುಬಿಡುತ್ತದೆ.

ಸ್ವೀಡನ್‌ನ ಆರ್ಚರ್ ಇನ್ನೂ ಒಂದು ಹೆಜ್ಜೆ ಮುಂದೆ. 21 ಗುಂಡುಗಳು ಮೊದಲೇ ಒಳಗೆ ಜೋಡಿಸಿರುತ್ತವೆ, ಸಿಬ್ಬಂದಿ ಕ್ಯಾಬಿನ್‌ನಿಂದ ಇಳಿಯುವುದೇ ಬೇಡ. ಇದು ಬೋಫೋರ್ಸ್ ವಂಶದ್ದು. ಹೌದು, ಅದೇ ಬೋಫೋರ್ಸ್! 80ರ ದಶಕದಲ್ಲಿ ನಮ್ಮಲ್ಲಿ ಲಂಚದ ಗಲಾಟೆಗೆ ಹೆಸರಾಗಿ, 1999ರ ಕಾರ್ಗಿಲ್‌ನಲ್ಲಿ ಮಾನ ಉಳಿಸಿಕೊಂಡ ಫಿರಂಗಿಯ ಮನೆತನ.

ಜರ್ಮನಿಯ ಪಾಂಜರ್‌ಹೌಬಿಟ್ಜ 2000 ಬೇರೆ ಜಾತಿ. ಟ್ಯಾಂಕ್‌ನಂತೆ ಪಟ್ಟಿ ಮೇಲೆ ಓಡುತ್ತದೆ, ತೂಕ 55 ಟನ್‌ಗೂ ಜಾಸ್ತಿ, ಸೀಸರ್ ಸುಮಾರು 18. ಕೆಸರಿನಲ್ಲಿ ಪಟ್ಟಿಯದ್ದೇ ವಾಸಿ. ಆದರೆ 2022ರಲ್ಲಿ ಉಕ್ರೇನಿನಲ್ಲಿ ಹಗಲೂ ರಾತ್ರಿ ಹಾರಿಸಿ ಹಾರಿಸಿ ಕೆಲವು ಸವೆದು ಕೈಕೊಟ್ಟವು, ರಿಪೇರಿಗೆ ಲಿಥುವೇನಿಯಾಕ್ಕೆ ಒಯ್ಯಬೇಕಾಯಿತು. ಇನ್ನು ಪೋಲೆಂಡಿನ ಕ್ರಾಬ್ ಅಂತೂ ಕೊರಿಯಾದ ಗಾಡಿ, ಬ್ರಿಟನ್ ಮೂಲದ ಗೋಪುರ (ಫಿರಂಗಿ ಕೂತಿರುವ, ತಿರುಗುವ ಮೇಲ್ಭಾಗ) ಸೇರಿಸಿ ಕಟ್ಟಿದ್ದು. ಒಂದೊಂದು ದೇಶ ಒಂದೊಂದು ಮಾದರಿ ಕೊಟ್ಟರೆ ಒಂದರ ಬಿಡಿಭಾಗ ಇನ್ನೊಂದಕ್ಕೆ ಆಗುವುದಿಲ್ಲ. ದಾನದ ಹಸುವಿಗೆ ಹಲ್ಲು ಎಣಿಸಬಾರದು, ಸರಿ, ಆದರೆ ಆರು ತಳಿ ಹಸುವಿಗೆ ಆರು ಬಗೆ ಮೇವು ಹುಡುಕುವವನ ಪಾಡು ನೋಡಿ.

ಈಗ ಒಂದು ತಿದ್ದುಪಡಿ. ಓಡಿಹೋದರೆ ಬಚಾವ್ ಅನ್ನುವ ಲೆಕ್ಕ ರೇಡಾರ್ ಕಾಲದ್ದು. ಮೇಲೆ ಸದಾ ಡ್ರೋನ್ ಸುತ್ತುತ್ತಿರುವಾಗ ರಸ್ತೆಯಲ್ಲಿ ಓಡುವ ಲಾರಿಯೇ ಮೊದಲು ಕಣ್ಣಿಗೆ ಬೀಳುವುದು ಅಲ್ವಾ? ರಷ್ಯಾದ ಲ್ಯಾನ್ಸೆಟ್ ಡ್ರೋನ್‌ಗಳು ಇಂಥ ಎಷ್ಟೋ ಫಿರಂಗಿಗಳನ್ನು ಹುಡುಕಿ ಹೊಡೆದಿವೆ. ಹಾಗಾಗಿ ಓಡಲೆಂದೇ ಮಾಡಿದ ಗಾಡಿಗಳೂ ಈಗ ಮರದ ಕೆಳಗೆ, ಬಲೆ ಹೊದ್ದು, ತೋಡಿದ ಗುಂಡಿಯಲ್ಲಿ ಸುಮ್ನೆ ಅಡಗಿ ಕೂರುವುದು ಜಾಸ್ತಿಯಾಗಿದೆ. ಹಾಗಂತ ಚಕ್ರ ದಂಡವಲ್ಲ, ಅಡಗುತಾಣ ಬದಲಿಸಲು ಅದೇ ಬೇಕು. ಆದರೆ ನನ್ನನ್ನು ಕೇಳಿದರೆ 2022ರಲ್ಲಿ ಇದ್ದಷ್ಟು ಮೇಲುಗೈ ಈಗ ಅದಕ್ಕಿಲ್ಲ.

ಗಾಡಿ ಹೋದಷ್ಟೂ ಹೊಸದು ಬೇಕು. ಡೆನ್ಮಾರ್ಕ್ 2023ರ ಜನವರಿಯಲ್ಲಿ ತನ್ನ 19 ಸೀಸರ್‌ಗಳನ್ನೂ ಕೊಡುವುದಾಗಿ ಹೇಳಿತು, ತನಗೆ ಅಂತ ಒಂದನ್ನೂ ಇಟ್ಟುಕೊಳ್ಳದೆ. ಕೊಡಲು ಗಾಡಿಯೇ ಇಲ್ಲ ಅಂದಮೇಲೆ ದುಡ್ಡು ಕೊಟ್ಟಿತು. 2024ರಲ್ಲಿ ಆ ದುಡ್ಡಿನಿಂದ 18 ಬೊಹ್ದಾನಾ ಫಿರಂಗಿಗಳು ಉಕ್ರೇನಿನಲ್ಲೇ ತಯಾರಾದವು. ಅವೂ ಲಾರಿ ಮೇಲೆ ಕೂತವೇ.